ಭಾವನಿಗೊಂದು ಬಡಾವಣೆ

ಹೊರಗಿನಿಂದ ಮೈಸೂರಿಗೆ ಸಂಸಾರ ತರುವವರಿಗೂ ನನಗೂ ಯಾವ ಜನ್ಮದ ನಂಟೋ ಕಾಣೆ, ಎಲ್ಲರೂ ಒಂದಲ್ಲ ಒಂದು ದಿನ ನನ್ನ ಸೈಕಲ್ಲಿಗೆ ಅಡ್ಡ ಬಂದೇ ಬರುತ್ತಾರೆ. ಯಾವ ಬಡಾವಣೆ ಒಳ್ಳೆಯದು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಆಮೇಲೆ ಏನಾದರೊಂದು ಆಗುತ್ತದೆ. ಏನೂ ಆಗದೆ ಇದ್ದದ್ದು ಮಾತ್ರ ನನಗೆ ನೆನಪಿಲ್ಲ.

ನನ್ನನ್ನೇ ಯಾಕೆ ಕೇಳಬೇಕು ಎಂದರೆ, ನನ್ನ ಕಸುಬು ಊದುಬತ್ತಿ ಮಾರುವುದು. ಸೈಕಲ್ಲಿನ ಹಿಂದೆ ತಗಡಿನ ಡಬ್ಬ ಕಟ್ಟಿಕೊಂಡು ಹೊರಟೆನೆಂದರೆ ನನ್ನ ವಾಸನೆ ನನಗಿಂತ ಅರ್ಧ ಮೈಲಿ ಮುಂದೆ ಹೋಗಿ ಬಾಗಿಲು ತೆಗೆಸಿರುತ್ತಿತ್ತು. ಯಾರ ಮನೆಯ ದೇವರ ಕೋಣೆ ಎಷ್ಟಗಲ, ಯಾರ ಬಾವಿಯ ನೀರು ಸಿಹಿ, ಯಾವ ಬೀದಿಯಲ್ಲಿ ಸೊಸೆಯ ಮಾತು ನಡೆಯುತ್ತದೆ, ಎಲ್ಲಾ ನನಗೆ ಬಾಯಿಪಾಠ. ಮೈಸೂರಿನಲ್ಲಿ ನಾನು ಒಳಗೆ ಹೋಗದ ಮನೆ ಒಂದೇ, ಅರಮನೆ. ಅವರು ಇನ್ನೂ ಕರೆದಿಲ್ಲ, ಕರೆದಿದ್ದರೆ ಪುರುಸೊತ್ತು ಮಾಡಿಕೊಂಡು ಹೋಗುತ್ತಿದ್ದೆ.

ಇಂಥ ನನಗೇ ನನ್ನ ಸ್ವಂತ ಭಾವ ಗಂಟುಬಿದ್ದದ್ದು ಐವತ್ತರ ದಶಕದ ಕೊನೆಯಲ್ಲಿ. ನನ್ನ ತಂಗಿಯನ್ನು ಕೊಟ್ಟಿದ್ದದ್ದು ನಮ್ಮ ಕಡೆಯ ಹುಡುಗನಿಗೇ. ಆದರೆ ಆತ ಓದಿಕೊಂಡು ಬೊಂಬಾಯಿ ಸೇರಿ, ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾ ಅಲ್ಲಿಯವನೇ ಆಗಿಬಿಟ್ಟಿದ್ದ. ಈಗ ಆ ಕಂಪನಿ ಎರಡು ಊರಿನಲ್ಲಿ ಶಾಖೆ ತೆರೆದು, ಮೈಸೂರಿಗಾದರೂ ಹೋಗು, ನಾಗಪುರಕ್ಕಾದರೂ ಹೋಗು, ನಿನ್ನ ಇಷ್ಟ ಎಂದಿತ್ತು. ಭಾವ ಒಂದು ವಾರದ ಮಟ್ಟಿಗೆ ಒಬ್ಬರೇ ಬಂದರು. ಮನಸ್ಸಿಗೆ ಒಪ್ಪುವ ಬಡಾವಣೆ, ಒಪ್ಪುವ ಮನೆ ಸಿಕ್ಕರೆ ಮೈಸೂರು. ಸಿಗದಿದ್ದರೆ ವಾಪಸು ಹೋಗಿ ನಾಗಪುರಕ್ಕೆ ಒಪ್ಪಿಗೆ ಕೊಡುವುದು ಎಂದು ಮೊದಲೇ ಹೇಳಿಬಿಟ್ಟರು. ಕನ್ನೇಗೌಡನ ಕೊಪ್ಪಲಿನ ನಮ್ಮ ಮನೆಗೇ ಸಂಸಾರ ತನ್ನಿ ಎನ್ನುವ ಹಾಗಿರಲಿಲ್ಲ. ಮನೆಯ ತುಂಬ ಊದುಬತ್ತಿ ಕಟ್ಟು. ಭಾವ ಹೊಸಿಲು ದಾಟಿದ್ದೇ ಸೀನತೊಡಗಿದವರು, ಹೊರಗೆ ಹೋದಾಗ ಮಾತ್ರ ನಿಲ್ಲಿಸುತ್ತಿದ್ದರು.

ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಹತ್ತಿರ ಕರೆದು, ತಲೆ ಎತ್ತದೆ ಹೇಳಿದಳು: "ಮೊಮ್ಮಕ್ಕಳ ಮೊಕ ಪಟದಲ್ಲಿ ನೋಡಿ ನೋಡಿ ಸಾಕಾಗದೆ ಕಣಪ್ಪ. ಊರೆಲ್ಲಾ ನನ್ನ ಜೇಬ್ನಾಗದೆ ಅಂತೀಯಲ್ಲ, ಒಂದು ಮನೆ ತೆಗೆದು ಕೊಡು ನೋಡಾನ."

ಮನೆ ತಾನೆ, ಎಂದೆ ನಾನು. ಒಂದು ವಾರ ಯಾಕೆ, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿಕೊಂಡು ಬರುತ್ತೇನೆ ಎಂದೆ.

ಓಡುವವರಿಗೆ ಮನೆ ಇಲ್ಲ

ಮೊದಲು ಹೋದದ್ದು ಪಕ್ಕದ ಸರಸ್ವತಿಪುರಕ್ಕೆ. ಆಗಿನ್ನೂ ಹೊಸ ಬಡಾವಣೆ, ಸಂಬಳದ ಜನ, ನೆಟ್ಟಗಿನ ರಸ್ತೆ. ಅಲ್ಲಿ ಒಬ್ಬ ನಿವೃತ್ತ ಅಮಲ್ದಾರರು ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಕೊಡುವವರಿದ್ದರು. ದಾರಿಯಲ್ಲಿ ಭಾವ ನನಗೆ ಪಾಠ ಹೇಳಿದರು: ಮನೆ ನೋಡುವಾಗ ನಾವು ಬಿಗಿಯಾಗಿರಬೇಕು, ಪ್ರಶ್ನೆ ನಾವು ಕೇಳಬೇಕು.

ಅಮಲ್ದಾರರು ಭಾವನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿ, ತಾವು ಆರಾಮ ಕುರ್ಚಿಯಲ್ಲಿ ಕೂತು, ನಶ್ಯದ ಡಬ್ಬಿ ತೆಗೆದರು. ಅಲ್ಲಿಂದ ಮುಂದೆ ಭಾವನಿಗೆ ಪ್ರಶ್ನೆ ಕೇಳುವ ಅವಕಾಶವೇ ಸಿಗಲಿಲ್ಲ. ಎಷ್ಟು ಹೊತ್ತಿಗೆ ಏಳುತ್ತೀರಿ, ಗೊರಕೆ ಉಂಟೆ, ಮನೆಯಲ್ಲಿ ಹಾರ್ಮೋನಿಯಂ ಇದೆಯೆ, ಮಕ್ಕಳು ಗೋಡೆಯ ಮೇಲೆ ಬರೆಯುವವರೋ ಸ್ಲೇಟಿನ ಮೇಲೆ ಬರೆಯುವವರೋ, ಹೆಂಡತಿಯ ಮೇಲೆ ರೇಗಿದಾಗ ಎಷ್ಟು ದೂರ ಕೇಳಿಸುತ್ತದೆ. ಭಾವ ಬೆವರು ಒರೆಸಿಕೊಳ್ಳುತ್ತಾ ಎಲ್ಲಕ್ಕೂ ಉತ್ತರ ಕೊಟ್ಟರು. ಹಿಂದೆ ನಿಂತ ನಾನು, ಪರವಾಗಿಲ್ಲ, ಪಾಸಾಗುತ್ತಾರೆ ಎಂದುಕೊಂಡೆ.

ಕೊನೆಯ ಪ್ರಶ್ನೆ: ಸಂಜೆ ಹೊತ್ತು ಎಲ್ಲಿ ತಿರುಗಾಡುತ್ತೀರಿ?

ಭಾವ ಎದೆ ಉಬ್ಬಿಸಿ, ಬೊಂಬಾಯಿಯಲ್ಲಿ ತಿರುಗಾಡುವುದಕ್ಕೆಲ್ಲಾ ಯಾರಿಗೂ ಹೊತ್ತಿಲ್ಲ, ತಾನು ಬೆಳಿಗ್ಗೆ ಆಫೀಸಿಗೆ ಓಡುತ್ತೇನೆ, ಸಂಜೆ ಮನೆಗೆ ಓಡುತ್ತೇನೆ, ನಡೆಯುವ ಅಭ್ಯಾಸವೇ ಇಲ್ಲ ಎಂದರು.

ಅಮಲ್ದಾರರ ಕೈ ಮೂಗಿನ ಹತ್ತಿರ ನಿಂತಿತು. ನಶ್ಯವನ್ನು ವಾಪಸು ಡಬ್ಬಿಗೆ ಹಾಕಿ ಮುಚ್ಚಿದರು. ಯೋಚನೆ ಮಾಡಿ ತಿಳಿಸುತ್ತೇನೆ ಎಂದು ನಮ್ಮನ್ನು ಗೇಟಿನ ತನಕ ಬಂದು ಕಳಿಸಿಕೊಟ್ಟು, ನನ್ನನ್ನು ಮಾತ್ರ ತೋಳು ಹಿಡಿದು ನಿಲ್ಲಿಸಿದರು. "ನೋಡಯ್ಯ, ನಿನ್ನ ಭಾವ ಒಳ್ಳೆಯವರೇ. ಆದರೆ ಓಡೋರನ್ನ ನಾನು ಮನೇಲಿ ಇಟ್ಟುಕೊಳ್ಳೋದಿಲ್ಲ. ಬೀದಿಯವರು ಏನಂದುಕೊಳ್ತಾರೆ, ಮನೆಗೆ ಬೆಂಕಿ ಬಿದ್ದಿದೆ ಅನ್ನೋದಿಲ್ವೆ?"

ಇಟ್ಟಿಗೆಗೂಡಿನ ಗಡಿಯಾರ

ಭಾವನಿಗೆ ಅವಮಾನವಾಯಿತು. ಮಾತಾಡಿಸದ ಜನ, ಸದ್ದಿಲ್ಲದ ಜಾಗ ಇದ್ದರೆ ತೋರಿಸಿ ಎಂದರು. ಪಾಪ, ಬೊಂಬಾಯಿಯಲ್ಲಿ ಅವರ ಮನೆಯ ಗೋಡೆಗೆ ಒರಗಿಕೊಂಡೇ ರೈಲು ಹೋಗುತ್ತಿತ್ತಂತೆ. ನಾನು ಅವರನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಊರಿನ ಇನ್ನೊಂದು ತುದಿಗೆ, ಇಟ್ಟಿಗೆಗೂಡಿಗೆ ತುಳಿದೆ. ಮರದ ನೆರಳು, ಬೆಟ್ಟದ ಗಾಳಿ, ಅಚ್ಚುಕಟ್ಟಾದ ಹೆಂಚಿನ ಮನೆ. ಬೀಗದ ಕೈ ಪಕ್ಕದ ಮನೆಯ ಹೆಂಗಸಿನ ಹತ್ತಿರ ಇತ್ತು. ಆಕೆಯೇ ಬಂದು ಬಾಗಿಲು ತೆಗೆದರು.

ಭಾವ ಕಣ್ಣು ಮುಚ್ಚಿ ನಿಂತು ಕೇಳಿಸಿಕೊಂಡರು. ಒಂದು ಎಲೆ ಬಿದ್ದರೆ ಕೇಳಬೇಕು, ಹಾಗಿತ್ತು. ಅವರ ಮುಖದಲ್ಲಿ ನಗು ಮೂಡಿತು. ನಾನು ಸುಮ್ಮನಿರಬೇಕಾಗಿತ್ತು. ಈ ಕಡೆ ಸೊಳ್ಳೆ ಕೂಡ ಮೆಲ್ಲಗೆ ಹಾಡುತ್ತದೆ ಭಾವ, ಎಂದೆ.

ಅಷ್ಟರಲ್ಲಿ ಕಿಟಕಿಯ ಗಾಜು ಅದುರುವ ಹಾಗೆ ಒಂದು ಗರ್ಜನೆ. ಭಾವ ನನ್ನ ಕುತ್ತಿಗೆಗೆ ಜೋತುಬಿದ್ದರು. ಹೊರಗಿನವರಿಗೆ ಗೊತ್ತಿರುವುದಿಲ್ಲ, ಮೃಗಾಲಯದ ಕಾಂಪೌಂಡು ಅಲ್ಲಿಂದ ನಾಲ್ಕು ಹೆಜ್ಜೆ.

ಬೀಗದ ಕೈಯ ಹೆಂಗಸು ಮಾತ್ರ, ಅಯ್ಯೋ ಆಗಲೇ ಕಾಫಿ ಹೊತ್ತಾಯಿತೆ, ಒಲೆಯ ಮೇಲೆ ನೀರು ಇಡಬೇಕು ಎಂದು ಸೆರಗು ಸಿಕ್ಕಿಸಿಕೊಂಡರು. ಸಿಂಹ ಕೂಗಿದರೆ ಆ ಬೀದಿಗೆಲ್ಲಾ ಕಾಫಿ. ಭಾವ ನನ್ನ ಕುತ್ತಿಗೆಯಿಂದಲೇ ಕೇಳಿದರು:

"ಅದು ಬೋನಿನ ಒಳಗೆ ಇದೆ ತಾನೇ?"

"ಇರಬೇಕು ಕಣ್ರೀ," ಎಂದರು ಆಕೆ. "ಹೊರಗೆ ಬಂದಿದ್ರೆ ಇಷ್ಟೊತ್ತಿಗೆ ಇಲ್ಲಿರ್ತಿತ್ತು. ಅದಕ್ಕೆ ನಮ್ಮನೇನೇ ಹತ್ತಿರ."

ಆ ಮನೆ ಯಾಕೆ ಬೇಡವಾಯಿತು ಎಂದು ಸಂಜೆ ಅವ್ವ ಕೇಳಿದಳು. ಭಾವ ಬಚ್ಚಲಲ್ಲಿದ್ದರು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವ್ವ ಒಂದು ಗಳಿಗೆ ಯೋಚಿಸಿ, "ಕಟ್ಟಾಕಿರೋ ಸಿಂಹಕ್ಕೇ ಇಂಗೆ ಎದರ್ತನೆ, ಇಷ್ಟು ವರ್ಷ ನನ್ನ ಮಗಳ ಜೊತೆ ಎಂಗೆ ಬಾಳುವೆ ಮಾಡ್ಬುಟ್ಟ?" ಎಂದಳು.

ಹುರುಳಿ ಹೊಲದ ಪೋಸ್ಟಾಫೀಸು

ಕಟ್ಟಿದ ಮನೆ ಬೇಡ, ಮುಂದೆ ಬೆಳೆಯುವ ಜಾಗ ತೋರಿಸಿ, ಸೈಟು ತೆಗೆದುಕೊಂಡು ಕಟ್ಟಿಸಿಬಿಡುತ್ತೇನೆ ಎಂದರು ಭಾವ. ಮುಂದೆ ಬೆಳೆಯುವುದನ್ನು ಹಿಂದೆಯೇ ನೋಡಿದವನು ನಾನು. ಹಿನಕಲ್ ಕಡೆಗೆ ಕರೆದುಕೊಂಡು ಹೋದೆ. ಅಲ್ಲಿ ಯಾರೋ ಹೊಸ ಬಡಾವಣೆ ಮಾಡುತ್ತೇವೆಂದು ಅಳತೆ ಮಾಡಿ, ಸುಣ್ಣ ಬಳಿದ ಗಡಿಕಲ್ಲು ನೆಟ್ಟು ಹೋಗಿದ್ದರು. ಕಲ್ಲು ಬಿಟ್ಟರೆ ಉಳಿದದ್ದೆಲ್ಲಾ ಹುರುಳಿ.

ನಾನು ಬದುವಿನ ಮೇಲೆ ನಿಂತು ಕೈ ಚಾಚಿ ಬಡಾವಣೆ ಕಟ್ಟಿದೆ. ಇದು ಜೋಡಿ ರಸ್ತೆ, ಅದು ಪಾರ್ಕು, ಆ ಬೇವಿನ ಮರದ ಹತ್ತಿರ ಪೋಸ್ಟಾಫೀಸು, ನೀವು ನಿಂತಿರುವುದು ನಿಮ್ಮ ಹಜಾರ. ಹೇಳುತ್ತಾ ಹೇಳುತ್ತಾ ನನಗೇ ಬಸ್ಸು ಬಂದ ಸದ್ದು ಕೇಳಿಸಿತು. ಭಾವನೂ ಮೆಚ್ಚಿ ತಲೆದೂಗಿ, ಪೋಸ್ಟಾಫೀಸಿನಲ್ಲಿ ಮಲಗಿರುವ ಎಮ್ಮೆ ಯಾರದು ಎಂದು ಮಾತ್ರ ಕೇಳಿದರು.

ಎಮ್ಮೆಯವರು ಅಲ್ಲೇ ಇದ್ದರು, ನಮಗೆ ದೂರದ ನಂಟರೂ ಆಗಬೇಕಾದ ಒಬ್ಬ ಗೌಡರು. ನನ್ನ ಭಾಷಣವನ್ನೆಲ್ಲಾ ಬೀಡಿ ಸೇದುತ್ತಾ ಕೇಳಿ, ಆರಾಮವಾಗಿ ಎದ್ದು ಬಂದು ಭಾವನ ಕಾಲ ಕೆಳಗೆ ನೋಡಿದರು.

"ನಿಮ್ಮ ಅಜಾರದಲ್ಲಿ ಉಳ್ಳಿ ಚೆನ್ನಾಗಿ ಬಂದದೆ ಕಣಪ್ಪ. ವಸಿ ತುಳೀಬೇಡಿ. ಒಕ್ಕಣೆ ಆಗ್ಲಿ, ಆಮೇಲ್ ಬಂದು ಸಂಸಾರ ಮಾಡೀರಂತೆ."

ಭಾವ ಲೆಕ್ಕದ ಮನುಷ್ಯ. ಸೈಟಿನ ಉದ್ದಗಲ ತಿಳಿಯಬೇಕೆಂದು ಗಡಿಕಲ್ಲಿನಿಂದ ಗಡಿಕಲ್ಲಿಗೆ ಹೆಜ್ಜೆ ಹಾಕಿದರು. ಎಷ್ಟು ಸಲ ಹಾಕಿದರೂ ನಾಲ್ಕು ಮೂಲೆ ಕೂಡಲಿಲ್ಲ. ಒಂದು ಕಡೆ ಮನೆ ಕೊಟ್ಟಿಗೆಯಷ್ಟು, ಇನ್ನೊಂದು ಕಡೆ ಛತ್ರದಷ್ಟು. ಕಲ್ಲು ಸರಿಯಾಗಿ ನೆಟ್ಟಿಲ್ಲವಲ್ಲ ಎಂದರು. ನೆಟ್ಟಿದ್ದರು, ಎಂದರು ಗೌಡರು. ಉಳುವಾಗ ನೇಗಿಲಿಗೆ ಅಡ್ಡ ಬರುತ್ತವೆ, ಕಿತ್ತು ಬದಿಗಿಟ್ಟು, ಉತ್ತಾದ ಮೇಲೆ ಪಾಪ ಅವರದೂ ಇರಲಿ ಎಂದು ಎಲ್ಲಾದರೂ ನೆಡುತ್ತೇವೆ.

ಅಂತೂ ಆ ಬಡಾವಣೆ ಪ್ರತಿ ಬೇಸಾಯಕ್ಕೆ ಅಷ್ಟಷ್ಟು ಮೂಡಲಿಗೆ ಸರಿಯುತ್ತಿತ್ತು. ನಾನು ಭಾವನಿಗೆ ಧೈರ್ಯ ಹೇಳಿದೆ: ಅವಸರ ಬೇಡ, ಇದೇ ರೀತಿ ನಡೆದರೆ ನಿಮ್ಮ ಸೈಟು ತಾನಾಗಿಯೇ ನಮ್ಮ ಮನೆಯ ಹತ್ತಿರ ಬರುತ್ತದೆ.

ಭಾವ ನಗಲಿಲ್ಲ. ಆ ಸಂಜೆ ನಾಗಪುರದ ಕಿತ್ತಳೆಹಣ್ಣು ಬಹಳ ಚೆನ್ನಾಗಿರುತ್ತದಂತೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವ್ವ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

ಕೆಳಗಿಡದ ಲೋಟ

ಉಳಿದದ್ದು ಒಂದೇ ದಿನ. ಸಂಜೆಯ ರೈಲಿಗೆ ಭಾವ ಹೊರಡಬೇಕು, ಹೊರಡುವ ಮುಂಚೆ ಕಂಪನಿಗೆ ತಂತಿ ಕೊಡಬೇಕು, ಮೈಸೂರೋ ನಾಗಪುರವೋ. ಬೆಳಿಗ್ಗೆ ಒಂಟಿಕೊಪ್ಪಲಿನ ಒಬ್ಬ ಅಂಗಡಿಯವರು ನನಗೆ ಹೇಳಿದರು, ಡ್ರಾಯಿಂಗ್ ಮೇಷ್ಟ್ರನ್ನು ಹೋಗಿ ಕಾಣು, ಅವರ ಕೈಯಲ್ಲಿ ಒಂದು ಒಳ್ಳೇ ಮನೆ ಬಾಡಿಗೆಗಿದೆ. ಡ್ರಾಯಿಂಗ್ ಮೇಷ್ಟ್ರ ಮನೆ ನನಗೆ ಗೊತ್ತಿಲ್ಲದ್ದೆ? ತಿಂಗಳಿಗೊಂದು ಕಟ್ಟು ಮಲ್ಲಿಗೆ ಬತ್ತಿ ತೆಗೆದುಕೊಳ್ಳುವವರು. ಭಾವನನ್ನು ಕರೆದುಕೊಂಡು ನೇರವಾಗಿ ಒಳಗೇ ಹೋದೆ.

ಈಗ ಒಂದು ವಿಷಯ ಹೇಳಬೇಕು. ನಮ್ಮೂರಿನಲ್ಲಿ ಮನೆಗೆ ಬಂದವರನ್ನು ಬಂದ ಕೆಲಸವೇನು ಎಂದು ಕೇಳುವುದು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ. ಅದಕ್ಕೆ ಮೊದಲೇ ಕೇಳಿದರೆ, ಎದ್ದು ಹೋಗಿ ಎಂದ ಹಾಗೆ. ಮೇಷ್ಟ್ರೂ ಅವರ ಹೆಂಡತಿಯೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಗುನಗುತ್ತಾ ಬರಮಾಡಿಕೊಂಡರು, ಕೂರಿಸಿದರು, ಕಾಫಿ ಕೊಟ್ಟರು. ಕಾಫಿ ಬಿಸಿಯಾಗಿತ್ತು. ಬೊಂಬಾಯಿ ಮನುಷ್ಯನಿಗೆ ಕೂತು ಆರಿಸಿಕೊಳ್ಳುವ ತಾಳ್ಮೆ ಎಲ್ಲಿಯದು? ಭಾವ ಲೋಟ ಕೈಯಲ್ಲಿ ಹಿಡಿದೇ ಎದ್ದು, ಹಾಗೇ ಒಂದು ಸುತ್ತು ನೋಡಬಹುದೆ ಎಂದರು. ಅದಕ್ಕೇನಂತೆ, ನೋಡಿ ಎಂದರು ಮೇಷ್ಟ್ರು.

ಹಜಾರ ನೋಡಿದರು. ಅಡಿಗೆಮನೆಗೆ ಹೋಗಿ ಹೊಗೆ ಹೋಗುವ ಗವಾಕ್ಷಿ ನೋಡಿದರು. ಮೇಷ್ಟ್ರ ಹೆಣ್ಣುಮಕ್ಕಳು ಓದುತ್ತಾ ಕೂತಿದ್ದ ಕೋಣೆಗೆ ನುಗ್ಗಿ, ಇದು ನಮ್ಮ ಮಕ್ಕಳಿಗೆ ಸರಿಹೋಗುತ್ತದೆ ಎಂದರು. ಆ ಮಕ್ಕಳು ಪುಸ್ತಕ ಎತ್ತಿಕೊಂಡು ಜಾಗ ಬಿಟ್ಟವು. ನಡುಮನೆಯಲ್ಲಿ ನಿಂತು ಭಾವ ಬಲಗಡೆ ಗೋಡೆಗೆ ಕೈ ತೋರಿಸಿ, ನಮ್ಮ ಬೀರು ಇಲ್ಲಿ ಇಡೋಣ ಎಂದು ನನಗೆ ಹೇಳಿದರು. ಮೇಷ್ಟ್ರು ಒಂದು ಸಲ ಹೆಂಡತಿಯ ಮುಖ ನೋಡಿ, ಆ ಗೋಡೆಗೆ ಮಳೆಗಾಲದಲ್ಲಿ ತೇವ ಬರುತ್ತದೆ, ಎಡಗಡೆ ಇಟ್ಟರೆ ವಾಸಿ ಎಂದರು. ಭಾವ ಬೀರನ್ನು ಎಡಗಡೆಗೆ ಇಟ್ಟರು. ಮುಂಬಾಗಿಲಿನ ಸಂಪಿಗೆ ಮರ ನೋಡಿ ಅವರ ಕಣ್ಣು ತುಂಬಿತು. ಅಲ್ಲಿಗೆ ಕಾಫಿಯೂ ಮುಗಿಯಿತು.

"ಬಹಳ ಹಿಡಿಸಿತು ಮೇಷ್ಟ್ರೇ," ಎಂದರು ಭಾವ, ಲೋಟ ಕೆಳಗಿಡುತ್ತಾ. "ನೀವು ಯಾವಾಗ ಖಾಲಿ ಮಾಡ್ತೀರಿ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ನಿಮಗೆ ಯಾವಾಗ ಅನುಕೂಲವೋ ಆವಾಗ, ಎಂದರು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಭಾವ ತಂತಿ ಕೊಟ್ಟರು. ಮೈಸೂರು. ಅವ್ವ ಬೀದಿಗೆಲ್ಲಾ ಸಕ್ಕರೆ ಹಂಚಿದಳು. ಊರು ಜೇಬಿನಲ್ಲಿದೆ ಎಂದದ್ದು ಸುಳ್ಳೇ ಅವ್ವ, ಎಂದು ನಾನು ಮೀಸೆ ತಿರುವಿದೆ.

ಮಾರನೆಯ ಬೆಳಿಗ್ಗೆ ಕೊಡೆ ಹಿಡಿದುಕೊಂಡು ಡ್ರಾಯಿಂಗ್ ಮೇಷ್ಟ್ರು ನಮ್ಮ ಮನೆಗೆ ಬಂದರು. ಕೂರಿಸಿದೆ, ಅವ್ವ ಕಾಫಿ ಕೊಟ್ಟಳು. ಹವಾ ವಿಚಾರ ಮಾತಾಡಿದೆವು. ಲೋಟ ಕೆಳಗಿಟ್ಟ ಮೇಲೆ ಬಂದ ಕೆಲಸ ಕೇಳಿದೆ.

"ಏನಿಲ್ಲಪ್ಪ, ನಿಮಗೆ ಎಲ್ಲಾ ಮನೆ ಗೊತ್ತು ಅಂತಾರೆ. ನಮಗೂ ಒಂದು ಬಾಡಿಗೆ ಮನೆ ನೋಡಿಕೊಡಬೇಕು."

ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆ ಯಾಕೆ ಮೇಷ್ಟ್ರೇ ಎಂದೆ. ಅದು ನಿನ್ನೆ ನಿಮ್ಮ ಭಾವನವರಿಗೆ ಹೋಯಿತಲ್ಲ, ಎಂದರು ಬೇಸರವಿಲ್ಲದೆ. ವಿಷಯ ಹೊರಬಿತ್ತು. ಬಾಡಿಗೆಗೆ ಇದ್ದದ್ದು ಹಿಂದಿನ ಬೀದಿಯ ಅವರ ತಮ್ಮನ ಮನೆ. ತಮ್ಮನಿಗೆ ಶಿವಮೊಗ್ಗಕ್ಕೆ ವರ್ಗವಾಗಿ, ಬೀಗದ ಕೈ ಇವರ ಹತ್ತಿರ ಬಿಟ್ಟು ಹೋಗಿದ್ದ. ನಾವು ಅದಕ್ಕೇ ಬಂದಿರಬೇಕೆಂದು ಊಹಿಸಿ ಬೀಗದ ಕೈ ಮೇಜಿನ ಮೇಲೆ ತಂದಿಟ್ಟುಕೊಂಡು ಮೇಷ್ಟ್ರು ಕಾದಿದ್ದರು.

"ಹಾಗಾದರೆ ಆಗಲೇ ಹೇಳೋದಲ್ವೇ ಸ್ವಾಮಿ?"

"ಹೇಗೆ ಹೇಳೋದು? ನಿಮ್ಮ ಭಾವನವರು ಲೋಟ ಕೆಳಗಿಡಲಿ, ಬಂದ ಕೆಲಸ ಕೇಳೋಣ ಅಂತ ಕಾಯ್ತಿದ್ದೆ. ಅಷ್ಟರಲ್ಲಿ ಅವರು ಬೀರು ಇಟ್ಟುಬಿಟ್ರು." ಮೇಷ್ಟ್ರು ಅಸಹಾಯಕರಾಗಿ ಕೈ ಬಿಚ್ಚಿದರು. "ಮನೆಗೆ ಬಂದವರು ಇಟ್ಟ ಬೀರನ್ನ ತೆಗೀರಿ ಅನ್ನೋಕ್ಕಾಗುತ್ತಾ?"

ಸಂಪಿಗೆ ಮರ

ನಿಜ ತಿಳಿದರೆ ಭಾವ, ಮೈಸೂರಿನವರ ಮಾತಿಗೆ ತಲೆಯೂ ಇಲ್ಲ ಬುಡವೂ ಇಲ್ಲ ಎಂದು ಇನ್ನೊಂದು ತಂತಿ ಕೊಟ್ಟು ಸೀದಾ ನಾಗಪುರಕ್ಕೆ ಇಳಿಯುವ ಜಾತಿ. ನಾನು ಮೇಷ್ಟ್ರನ್ನು ಎಬ್ಬಿಸಿಕೊಂಡು ಹಿಂದಿನ ಬೀದಿಗೆ ಹೋಗಿ ಬೀಗ ತೆಗೆಸಿದೆ. ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಅದೇ ಹಜಾರ, ಅದೇ ಗವಾಕ್ಷಿ, ಅದೇ ಗೋಡೆ. ಅಣ್ಣತಮ್ಮಂದಿರು ಕಟ್ಟಿಸುವಾಗ, ಓರಗಿತ್ತಿಯರಲ್ಲಿ ನಾಳೆ ಮಾತು ಬರಬಾರದೆಂದು ಕಿಟಕಿಯ ಸರಳು ಕೂಡ ಎಣಿಸಿ ಒಂದೇ ಸಮ ಇಟ್ಟಿದ್ದರು. ಬಲಗಡೆ ಗೋಡೆಗೆ ತೇವ ಸಹ ಅಷ್ಟೇ. ಇಲ್ಲದಿದ್ದದ್ದು ಸಂಪಿಗೆ ಮರ ಒಂದೇ.

ಒಂದನೇ ತಾರೀಖು ಭಾವ, ತಂಗಿ, ಮಕ್ಕಳು ಬಂದಿಳಿದರು. ಜಟಕಾದವನಿಗೆ ಮೊದಲೇ ಹೇಳಿಟ್ಟು ಹತ್ತು ಬೀದಿ ಸುತ್ತಿಸಿ, ದಿಕ್ಕು ಮರೆತ ಮೇಲೆ ಮನೆಯ ಮುಂದೆ ನಿಲ್ಲಿಸಿದೆ. ಭಾವ ಇಳಿದು ಸುತ್ತ ನೋಡಿ, ಮರ ಎಲ್ಲಿ ಎಂದರು. ಹೋದ ವಾರದ ಗಾಳಿಗೆ ಬಿದ್ದುಹೋಯಿತು ಎಂದೆ. ಅವರು ಚ್ಚು ಚ್ಚು ಎಂದು ಒಳಗೆ ಹೋಗಿ, ಎಡಗಡೆ ಗೋಡೆಗೆ ಬೀರು ಇಡಿಸಿದರು.

ತಂಗಿ ಅಂಗಳದಲ್ಲೇ ನಿಂತಿದ್ದಳು. ನೆಲ ನೋಡಿದಳು, ನನ್ನ ಮುಖ ನೋಡಿದಳು. "ಮರ ಬಿದ್ದರೆ ಬುಡ ಎಲ್ಲಿ ಹೋಯ್ತಣ್ಣಾ?" ಎಂದು ಮೆಲ್ಲಗೆ ಕೇಳಿದಳು. ನಾನು ಬಾಯಿ ತೆಗೆಯುವುದರೊಳಗೆ ತಾನೇ ಹೂವಿನ ಕುಂಡವೊಂದನ್ನು ತಂದು, ಬುಡ ಇರಬೇಕಾಗಿದ್ದ ಜಾಗದಲ್ಲಿ ಇಟ್ಟಳು. ನನ್ನ ತಂಗಿ ಎಂದು ಸುಮ್ಮನೆ ಹೇಳುವುದಿಲ್ಲ ನಾನು.

ಬಾಡಿಗೆ ನನ್ನ ಮೂಲಕ ಮೇಷ್ಟ್ರ ಕೈಗೇ ಹೋಗುತ್ತಿತ್ತು, ಅವರು ತಮ್ಮನಿಗೆ ಕಳಿಸುತ್ತಿದ್ದರು. ಹಾಗಾಗಿ ಭಾವನಿಗೆ ಯಾವ ಅನುಮಾನವೂ ಬರಲಿಲ್ಲ. ಬಂದದ್ದು ಪಶ್ಚಾತ್ತಾಪ. ತನಗಾಗಿ ಪಾಪ ಒಂದು ಸಂಸಾರ ಮನೆ ಬಿಟ್ಟುಕೊಟ್ಟಿತಲ್ಲ ಎಂದು ಕೊರಗಿ ಕೊರಗಿ, ಯುಗಾದಿಯ ದಿನ ಎಲ್ಲರನ್ನೂ ಹೊರಡಿಸಿಕೊಂಡು, ಹಣ್ಣು ಹೂವು ಹಿಡಿದು ಮೇಷ್ಟ್ರ 'ಹೊಸ' ಮನೆಗೆ ಹೋದರು. ಬೇಡವೆಂದರೂ ಕೇಳಲಿಲ್ಲ. ನಾನೂ ಅವ್ವನೂ ಹಿಂದೆಯೇ ಹೋದೆವು.

ಗೇಟಿನಲ್ಲಿ ಸಂಪಿಗೆ ಮರ ಮೈತುಂಬ ಹೂ ಬಿಟ್ಟುಕೊಂಡು ನಿಂತಿತ್ತು. ಭಾವ ಅದನ್ನು ಮೇಲಿಂದ ಕೆಳಗೆ ನೋಡಿದರು. ಅಂಥ ಗಳಿಗೆಯಲ್ಲಿ ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ನಾನು ಅವರ ಕಿವಿಯಲ್ಲಿ ಹೇಳಿದೆ: ಬಿದ್ದ ಮರವನ್ನು ಮೇಷ್ಟ್ರು ಎತ್ತಿಸಿಕೊಂಡು ಬಂದು ಇಲ್ಲಿ ನೆಟ್ಟರು, ಮೈಸೂರಿನ ಮಣ್ಣು ನೋಡಿ, ಹತ್ತಿಕೊಂಡುಬಿಟ್ಟಿದೆ. ಭಾವ ಮರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಕೂತೆವು, ಕಾಫಿ ಬಂತು. ಈ ಸಲ ಭಾವ ಕೂತೇ ಕುಡಿದರು, ಮೈಸೂರು ಅಷ್ಟು ಕಲಿಸಿತ್ತು. ನಮ್ಮಿಂದ ನಿಮಗೆ ತೊಂದರೆ ಆಯಿತು ಎಂದರು. ಏನೂ ಆಗಲಿಲ್ಲ ಎಂದರು ಮೇಷ್ಟ್ರು. ಈ ಮನೆ ಒಗ್ಗಿತೆ ಎಂದು ಭಾವ ಕೇಳಿದರು. ಮೊದಲಿನಿಂದ ಇಲ್ಲೇ ಇದ್ದ ಹಾಗಿದೆ ಎಂದರು ಮೇಷ್ಟ್ರು. ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಭಾವ ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟು, ಏನೇ ಹೇಳಿ, ನಮ್ಮ ಮನೆಯ ಗಾಳಿ ಬೆಳಕು ಇಲ್ಲಿ ಇಲ್ಲ ಎಂದರು.

"ಹೌದು, ಅಂಥ ಮನೆ ಸಿಗೋದಿಲ್ಲ," ಎಂದರು ಮೇಷ್ಟ್ರು, ಸಂಕೋಚದಿಂದ. "ಯಾವತ್ತಾದರೂ ನೀವು ಖಾಲಿ ಮಾಡೋ ಹಾಗಿದ್ರೆ ಮೊದಲು ನಮಗೇ ಹೇಳಬೇಕು."

"ಅದೊಂದು ಕೇಳಬೇಡಿ ಮೇಷ್ಟ್ರೇ," ಎಂದು ಭಾವ ಅವರ ಕೈ ಹಿಡಿದುಕೊಂಡರು. "ಆ ಮನೆ ಬಿಟ್ಟು, ಈ ಊರು ಬಿಟ್ಟು, ನಾವಿನ್ನು ಎಲ್ಲಿಗೂ ಹೋಗೋದಿಲ್ಲ."

ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅವ್ವ ಮೇಷ್ಟ್ರ ಕಡೆ ಬಗ್ಗಿದಳು.

"ಇನ್ನೊಂದು ಸಲ ಕೇಳ್ಬುಡಿ ಸ್ವಾಮಿ," ಎಂದಳು.